ಬೆಲೆ ಇಳಿಸಿದ್ದನ್ನು ಇಂಗ್ಲಿಷ್‌ನಲ್ಲಿ ಸರಿಯಾಗಿ ಬರೆಯುವುದು ಹೇಗೆ?

ಬೆಲೆ ಇಳಿಸಿದ ಮೇಲೆ ಅದನ್ನು ಇಂಗ್ಲಿಷ್‌ನಲ್ಲಿ ಬರೆಯಲು ಹೋಗಿ ಎಡವುವವರು ಜಾಸ್ತಿ. ‘ಲೆಸ್ ಪ್ರೈಸ್’, ‘ರೆಡ್ಯೂಸ್ಡ್ ಟು 20 ಪರ್ಸೆಂಟ್’ ಅಂತ ಬೋರ್ಡುಗಳಲ್ಲಿ ಓದಿ ಓದಿ ಸಾಕಾಗಿದೆ.

ಮೊದಲು ನೀವು ಹೇಳುತ್ತಿರುವುದು ವಸ್ತುವಿನ ಬಗ್ಗೆಯೋ ಬೆಲೆಯ ಬಗ್ಗೆಯೋ ನೋಡಿಕೊಳ್ಳಿ. ವಸ್ತುವಾದರೆ ಚೀಪ್, ಬೆಲೆಯಾದರೆ ಲೋ. ‘ಚೀಪ್ ಪ್ರೈಸಸ್’ ಅಂತ ಇಂಗ್ಲಿಷ್‌ನವರೇ ಮಾತಿನಲ್ಲಿ ಅನ್ನುತ್ತಾರೆ, ನಿಜ, ಆದರೂ ಬರೆಯುವಾಗ ಬೇಡ. ‘ಲೆಸ್’ ಬೇಕೇ ಬೇಕೆಂದರೆ ‘ಇಟ್ ಕಾಸ್ಟ್ಸ್ ಲೆಸ್’ ಅನ್ನಿ. ಇನ್ನೊಂದು ವಿಷಯ: ಚೀಪ್ ಅಂದರೆ ಕಳಪೆ ಅನ್ನುವ ವಾಸನೆಯೂ ಇದೆ, ಹಾಗಾಗಿ ನಿಮ್ಮದೇ ಮಾಲನ್ನು ಹಾಗೆ ಕರೆಯಬೇಡಿ, ‘ಇನ್‌ಎಕ್ಸ್‌ಪೆನ್ಸಿವ್’ ಅನ್ನಿ. ‘ಅಫೋರ್ಡಬಲ್’ ನನಗೆ ಹಿಡಿಸುವುದಿಲ್ಲ. ಯಾರ ಕೈಗೂ ಎಟುಕದ್ದಕ್ಕೂ ಅದನ್ನೇ ಅಂಟಿಸುತ್ತಾರೆ.

ಆಮೇಲೆ ಕ್ರಿಯಾಪದ. ಬೆಲೆ ತಾನಾಗಿ ಇಳಿದರೆ ‘ಫೆಲ್’, ನೀವು ಇಳಿಸಿದರೆ ‘ಕಟ್’ ಅಥವಾ ‘ರೆಡ್ಯೂಸ್ಡ್’. ಅಷ್ಟೇ.

ಈಗ ಎಲ್ಲರೂ ಜಾರಿ ಬೀಳುವ ಜಾಗ: ‘ಬೈ’ ಮತ್ತು ‘ಟು’. ಕನ್ನಡದಲ್ಲಿ ‘200 ಇಳಿಸಿದೆವು’ ಅನ್ನುವುದಕ್ಕೂ ‘200ಕ್ಕೆ ಇಳಿಸಿದೆವು’ ಅನ್ನುವುದಕ್ಕೂ ಇರುವ ವ್ಯತ್ಯಾಸ ಮಗುವಿಗೂ ಗೊತ್ತು. ಆ ‘ಕ್ಕೆ’ ಇದ್ದರೆ ‘ಟು’, ಇಲ್ಲದಿದ್ದರೆ ‘ಬೈ’. 1000 ಇದ್ದ ಬೆಲೆ ‘ಬೈ 200’ ಇಳಿದರೆ ಉಳಿಯುವುದು 800. ‘ಟು 200’ ಇಳಿದರೆ ಬರೀ 200. ಪರ್ಸೆಂಟ್ ಬಂದಾಗಲೂ ಇದೇ ಲೆಕ್ಕ, ‘ಟು 20 ಪರ್ಸೆಂಟ್’ ಅಂದರೆ ಐದರಲ್ಲಿ ಒಂದು ಪಾಲು ದುಡ್ಡಿಗೆ ಕೊಡುತ್ತೇನೆ ಅಂತ ನೀವೇ ಬರೆದುಕೊಟ್ಟ ಹಾಗೆ, ಗಿರಾಕಿ ಅದನ್ನೇ ತೋರಿಸಿ ಜಗಳಕ್ಕೆ ನಿಂತರೆ ತಪ್ಪು ಅವರದ್ದಲ್ಲ, ಅಲ್ವಾ? ‘ರಿಡಕ್ಷನ್’ ಬಳಸಿದರೆ ‘ಬೈ’ ಹೋಗಿ ‘ಆಫ್’ (of) ಬರುತ್ತದೆ: ‘ಎ ರಿಡಕ್ಷನ್ ಆಫ್ 20 ಪರ್ಸೆಂಟ್’. ‘ಡಿಸ್ಕೌಂಟ್’ ಆದರೆ ಮುಂದೆ ‘ಆನ್’. ಆದರೆ ‘20 ಪರ್ಸೆಂಟ್ ಆಫ್ ಆನ್ ಆಲ್ ಶೂಸ್’ ಅನ್ನಬೇಡಿ. ಬೆಲೆ ಕಡಿತದ ‘ಆಫ್’ (ಇದು off, ಮೇಲಿನ of ಅಲ್ಲ) ಇರುವಾಗ ‘ಆನ್’ ಯಾಕೆ? ‘20 ಪರ್ಸೆಂಟ್ ಆಫ್ ಆಲ್ ಶೂಸ್’ ಸಾಕು.

ತಲೆಬಿಸಿಯೇ ಬೇಡ ಅನ್ನುವವರಿಗೆ ನನ್ನ ಮೆಚ್ಚಿನ ಅಡ್ಡದಾರಿ: ‘ವಾಸ್ 1000, ನೌ 800’. ಇದರಲ್ಲಿ ತಪ್ಪಲು ಜಾಗವೇ ಇಲ್ಲ. ಅನುವಾದದ ಆ್ಯಪ್‌ಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ನೀವು ಅವಸರದಲ್ಲಿ ಒಂದು ‘ಕ್ಕೆ’ ಜಾಸ್ತಿ ಹಾಕಿದರೆ ಅವೂ ಸುಮ್ನೆ ‘ಟು’ ಹಾಕಿಕೊಡುತ್ತವೆ. ರೆಡಿಮೇಡ್ ಪೋಸ್ಟರ್‌ಗಳೂ ಅಷ್ಟೇ, ‘ಸೂಪರ್ ಡಿಸ್ಕೌಂಟ್ ಪ್ರೈಸ್ ಸೇಲ್ ಆಫರ್’ ಅಂತ ಒಂದೇ ಸಾಲಿನಲ್ಲಿ ಎಲ್ಲವನ್ನೂ ತುರುಕಿರುತ್ತಾರೆ.

ಇನ್ನೆರಡು ಮಾತು. ‘ತ್ರೀ ಟೈಮ್ಸ್ ಚೀಪರ್’ ಬಿಡಿ, ಮೂರು ಪಟ್ಟು ಕಡಿಮೆ ಅಂದರೆ ಎಷ್ಟು ಅಂತ ಓದುವವರು ಗೊಂದಲಕ್ಕೆ ಬೀಳುತ್ತಾರೆ, ‘ಒನ್ ಥರ್ಡ್ ಆಫ್ ದಿ ಪ್ರೈಸ್’ ಅನ್ನಿ. ‘ಫಾರ್ ಸೇಲ್’ ಅಂದರೆ ಮಾರಾಟಕ್ಕಿದೆ ಅಂತಷ್ಟೇ, ಬೆಲೆ ಇಳಿದಿದೆ ಅಂತಲ್ಲ. ‘ಆನ್ ಸೇಲ್’ ಅಂದರೆ ಅಮೆರಿಕದಲ್ಲಿ ಸಾಮಾನ್ಯವಾಗಿ ರಿಯಾಯಿತಿ, ಬ್ರಿಟನ್‌ನಲ್ಲಿ ಬರೀ ಮಾರಾಟಕ್ಕಿದೆ ಅಂತಲೂ ಆಗುತ್ತದೆ. ಎರಡೂ ಕಡೆಯವರು ಓದುವುದಾದರೆ ‘ರೆಡ್ಯೂಸ್ಡ್’ ಅಂತಲೇ ಬರೆಯಿರಿ.