ಬೇಸಿಗೆಯಲ್ಲಿ ತಂಪು ಬಿಡದೆ ಕರೆಂಟ್ ಬಿಲ್ ಇಳಿಸುವುದು ಹೀಗೆ

ರಾಯಚೂರಿನ ಏಪ್ರಿಲ್, ಮೇ ಬಿಸಿಲು ಒಣ ಬಿಸಿಲು. ಇಲ್ಲಿ ಎಸಿಗಿಂತ ಕೂಲರ್ ಲೇಸು. 1.5 ಟನ್ ಎಸಿ ಗಂಟೆಗೆ ಸುಮಾರು 1.5 ಯೂನಿಟ್ ಎಳೆದರೆ ಕೂಲರ್‌ಗೆ 0.2 ಯೂನಿಟ್ ಸಾಕು. ಕೂಲರನ್ನು ತೆರೆದ ಕಿಟಕಿಗೆ ಹಚ್ಚಿ ಇಡಿ, ಎದುರಿನ ಬಾಗಿಲು ಸ್ವಲ್ಪ ತೆರೆದಿರಲಿ. ಎಲ್ಲ ಮುಚ್ಚಿದರೆ ತೇವ ಕೋಣೆಯಲ್ಲೇ ನಿಂತು ಮೈ ಅಂಟಂಟಾಗುತ್ತದೆ; ಕೂಲರ್ ಕೆಟ್ಟಿತೆಂದು ಬಹಳ ಮಂದಿ ತಿಳಿಯುವುದು ಇದನ್ನೇ. ಬೋರ್ ನೀರಿನ ಉಪ್ಪು ಪ್ಯಾಡಿನ ಮೇಲೆ ಬೆಳ್ಳಗೆ ಕಟ್ಟಿ ಗಾಳಿ ತಡೆಯುತ್ತದೆ. ವಾರಕ್ಕೊಮ್ಮೆ ಟ್ಯಾಂಕಿನ ನೀರು ಪೂರ್ತಿ ಚೆಲ್ಲಿ, ಗಟ್ಟಿಯಾದ ಪ್ಯಾಡ್ ಬದಲಿಸಿ.

ಹಳೆಯ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಗೃಹಜ್ಯೋತಿ ಇರುವವರು ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ: 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು.