ನಿಮ್ಮೂರಿನ ರನ್‌ವೇಯ ಯುದ್ಧಕಾಲದ ಕತೆ ಹುಡುಕುವುದು ಹೇಗೆ?

ಯಲಹಂಕದ ಆಕಾಶದಲ್ಲಿ ವೈಮಾನಿಕ ಪ್ರದರ್ಶನ ನೋಡಿ ಬೆರಗಾದವರು ಲಕ್ಷಾಂತರ ಮಂದಿ. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಬರ್ಮಾ ರಣರಂಗಕ್ಕೆ ಹೊರಟಿದ್ದ ಬ್ರಿಟಿಷ್ ಪೈಲಟ್‌ಗಳು ತಮ್ಮ ಹರಿಕೇನ್ ಯುದ್ಧವಿಮಾನಗಳ ಬದಲಿಗೆ ಅಮೆರಿಕದ ಥಂಡರ್‌ಬೋಲ್ಟ್ ಹಾರಿಸಲು ಕಲಿತದ್ದೂ ಅಲ್ಲಿಯೇ. ಹಳೆಯ ರನ್‌ವೇ ಇರುವ ಯಾವ ಊರಲ್ಲಾದರೂ ಇಂಥ ಕತೆ ಸಿಕ್ಕೀತು. ಹುಡುಕುವ ದಾರಿ ಹೀಗಿದೆ.

ಮೊದಲು ಹಿರಿಯರ ಬಳಿಗೆ ಹೋಗಿ. ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ. ಕಡತ ಕಾಯುತ್ತದೆ, ಅವರು ಕಾಯಲಾರರು. ‘ಯುದ್ಧದಲ್ಲಿ ಏನಾಯಿತು?’ ಎಂದರೆ ಉತ್ತರ ಬರುವುದಿಲ್ಲ. ‘ಯಾರ ಹೊಲ ಹೋಯಿತು? ಜಲ್ಲಿ ಹೊರಲು ಎಲ್ಲಿಂದ ಜನ ಬಂದರು? ವಿಮಾನ ಬಿದ್ದದ್ದು ಯಾವ ಕೆರೆಯ ಹಿಂದೆ?’ ಎಂದು ಕೇಳಿ.

ಮುಂದಿನದು ಹೆಸರು. ಸೇನೆ ಇಟ್ಟ ಹೆಸರು ಊರಿನದೇ ಆಗಿರಬೇಕಿಲ್ಲ. ಒಡಿಶಾದ ರಾಸಗೋವಿಂದಪುರದ ವಿಮಾನ ನೆಲೆಗೆ ‘ಅಮರ್ದಾ ರೋಡ್’ ಎಂಬ ರೈಲು ನಿಲ್ದಾಣದ ಹೆಸರಿತ್ತು. ಹತ್ತಿರದ ನಿಲ್ದಾಣದ ಹೆಸರನ್ನೂ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೂ ಬರೆದಿಟ್ಟುಕೊಳ್ಳಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿರುವ 1:2,50,000 ಅಳತೆಯ ಹಳೆಯ ಅಮೆರಿಕನ್ ಸೇನಾ ನಕ್ಷೆಗಳಲ್ಲಿ ಇಳಿದಾಣಗಳ ಗುರುತಿದೆ.

ಈಗ ನಿಜವಾದ ಗಣಿ: ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಅಲ್ಲಿ ‘ಏರ್ 27’ ಎಂಬ ಸರಣಿಯಲ್ಲಿ ಬ್ರಿಟಿಷ್ ವಾಯುದಳದ ಸ್ಕ್ವಾಡ್ರನ್‌ಗಳ (ವಿಮಾನ ತುಕಡಿಗಳ) ದಿನಚರಿಗಳಿವೆ, ‘ಏರ್ 28’ರಲ್ಲಿ ನೆಲೆಗಳವು. ದಿನದ ಸಾರಾಂಶ ಫಾರ್ಮ್ 540ರಲ್ಲಿ, ಹಾರಾಟದ ವಿವರ ಫಾರ್ಮ್ 541ರಲ್ಲಿ. ಯಲಹಂಕಕ್ಕಾದರೆ 146 ಮತ್ತು 261ನೇ ಸ್ಕ್ವಾಡ್ರನ್‌ಗಳ 1944ರ ಜೂನ್ ನಂತರದ ಪುಟಗಳಿಂದ ಆರಂಭಿಸಿ. ಓದುವಾಗ ಗಡಿಯಾರವನ್ನು ನೆನಪಿಡಿ: 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಭಾರತದ ಸಮಯವನ್ನು ಒಂದು ಗಂಟೆ ಮುಂದಿಡಲಾಗಿತ್ತು. ಅಜ್ಜ ಹೊತ್ತು ನೋಡಿ ‘ಬೆಳಿಗ್ಗೆ ಆರು’ ಎಂದದ್ದು ಕಾಗದದಲ್ಲಿ ಏಳಾಗಿದ್ದರೆ ಇಬ್ಬರೂ ಸುಳ್ಳು ಹೇಳಿಲ್ಲ.

ಅಪಘಾತದ ದಿನಾಂಕ ತಿಳಿಯದಿದ್ದರೆ ಸಮಾಧಿಗಳಿಂದ ಹಿಂದಕ್ಕೆ ಬನ್ನಿ. ದಕ್ಷಿಣ ಮತ್ತು ಪೂರ್ವ ಭಾರತದ ಅನೇಕ ಸ್ಮಶಾನಗಳಲ್ಲಿದ್ದ ಯುದ್ಧಕಾಲದ ಸಮಾಧಿಗಳನ್ನು ಚೆನ್ನೈನ ಮದ್ರಾಸ್ ಯುದ್ಧ ಸ್ಮಶಾನಕ್ಕೆ ಸ್ಥಳಾಂತರಿಸಲಾಗಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು, ದಳ, ಮರಣದ ದಿನಾಂಕ ಸಿಗುತ್ತವೆ. ಆ ದಿನಾಂಕ ಹಿಡಿದು ದಿನಚರಿ ತೆರೆಯಿರಿ.

ಯಲಹಂಕದಂತೆ ಇಂದಿಗೂ ವಾಯುಪಡೆ ಬಳಸುವ ನೆಲೆಯಾದರೆ ಬೇಲಿಯ ಬಳಿ ಕ್ಯಾಮೆರಾ, ಡ್ರೋನ್ ಬೇಡವೇ ಬೇಡ.

ಸೇನೆಯ ಕಾಗದಗಳಲ್ಲಿ ವಿಮಾನದ ಎಂಜಿನ್ ಸಂಖ್ಯೆಯೂ ಸಿಕ್ಕೀತು, ಜಮೀನು ಕಳೆದುಕೊಂಡ ರೈತನ ಹೆಸರು ಸಿಗದು. ನನಗೆ ಮುಖ್ಯವೆನಿಸುವುದು ಅದೇ. ಯಲಹಂಕ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಬೆಂಗಳೂರು ದಂಡು ಪ್ರದೇಶ 1947ರವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು. ಹಾಗಾಗಿ ಎರಡು ಕಡೆ ಹುಡುಕಬೇಕು: ಸಂಸ್ಥಾನದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಬ್ರಿಟಿಷ್ ಸರ್ಕಾರದವಕ್ಕೆ ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಜಾಲತಾಣ. ಮೈಸೂರು ಗೆಜೆಟ್‌ನ ಭೂಸ್ವಾಧೀನ ಪ್ರಕಟಣೆಗಳಲ್ಲಿ ಸರ್ವೆ ನಂಬರ್ ಸಿಕ್ಕರೆ, ಅದನ್ನು ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಡಿ. ಖಾತೆದಾರರ ಹೆಸರುಗಳು ಕೈಗೆ ಬಂದಾಗ ಆ ಹಾಳೆಯೊಂದಿಗೆ ಮತ್ತೆ ಅದೇ ಹಿರಿಯರ ಜಗಲಿಗೆ ಹೋಗಿ, ಒಂದೊಂದಾಗಿ ಓದಿ ಹೇಳಿ.