ಹಾಸ್ಟೆಲ್ ಕೋಣೆಗೆ ಬೆಂಕಿ ತಗುಲದಂತೆ ನೋಡಿಕೊಳ್ಳಿ

ನಾನು ಧಾರವಾಡದ ಒಂದು ಹಾಸ್ಟೆಲಿನ ವಾರ್ಡನ್. ಯಾವ ಕೋಣೆಗೆ ಹೋದರೂ ಮೊದಲು ನೋಡುವುದು ಪ್ಲಗ್ ಪಾಯಿಂಟ್. ಚಿಕ್ಕ ಸಾಕೆಟ್ 6 ಆಂಪಿಯರಿನದು. 1,300 ವ್ಯಾಟ್ ದಾಟಿದರೆ ಅದಕ್ಕೆ ಜಾಸ್ತಿ. ನೀರು ಕಾಯಿಸುವ ಕಾಯಿಲ್ 1,500 ವ್ಯಾಟಿನದಿರುತ್ತದೆ, ಅಲ್ವಾ? ಎಕ್ಸ್‌ಟೆನ್ಶನ್ ಬಾಕ್ಸಿಗಂತೂ ಅದನ್ನು ಹಾಕಲೇಬೇಡಿ.

ಒಂದು ಚಳಿಗಾಲದಲ್ಲಿ ಹುಡುಗನೊಬ್ಬ ಕಾಯಿಲ್ ಹಾಕಿ, ಮರೆತು ಕ್ಲಾಸಿಗೆ ಹೋದ. ನೀರೆಲ್ಲ ಆವಿಯಾಗಿ ಬಕೆಟ್ ಕರಗಿತು, ಗಾದಿ ಹೊತ್ತಿಕೊಂಡಿತು. ಆ ವಾಸನೆ ಇನ್ನೂ ಮರೆತಿಲ್ಲ. ಕೋಣೆ ಬಿಡುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಕಿತ್ತಿಡಿ.

ಕಾರಿಡಾರಿನಲ್ಲಿರುವ ಬೆಂಕಿ ಆರಿಸುವ ಪೌಡರ್ ಸಿಲಿಂಡರಿನ ಮೀಟರ್ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಬೆಂಕಿ ಸಣ್ಣದಿದ್ದರೆ ಮೊದಲು ಮೇನ್ ಆಫ್ ಮಾಡಿ. ಬಾಗಿಲು ಬೆನ್ನಿಗಿರಲಿ. ಪಿನ್ ಎಳೆಯಿರಿ, ಎರಡು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಗುರಿಯಿಡಿ, ಹಿಡಿಕೆ ಒತ್ತಿ ಅತ್ತಿತ್ತ ಆಡಿಸಿ. ಜ್ವಾಲೆಯ ತುದಿಗೆ ಹೊಡೆದರೆ ಪೌಡರ್ ಸುಮ್ನೆ ಹಾಳು, ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಆರದಿದ್ದರೆ ಬಾಗಿಲೆಳೆದು ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, 101 ಅಥವಾ 112ಕ್ಕೆ ಫೋನ್ ಮಾಡಿ.

ಮಾರ್ಚ್ ಬಂತೆಂದರೆ ಕ್ಯಾಂಪಸ್ಸಿನ ಹುಲ್ಲೆಲ್ಲ ಒಣಗುತ್ತದೆ. ಕಟ್ಟಡದ ಸುತ್ತಲಿನದನ್ನು ಕತ್ತರಿಸಿ. ಕಸಕ್ಕೆ ಬೆಂಕಿ ಹಚ್ಚಬೇಡಿ.